ಆಫೀಸ್ ಲಾಬಿ ‘ಹೋಟೆಲ್ ಥರ’ ಆಗಬೇಕಂತೆ: ದುಡ್ಡು ಮೊದಲು ಎಲ್ಲಿ ಹಾಕೋದು?

ನೆಲಮಹಡಿ (ಪ್ರಶ್ನೆ ಕೇಳಿದವರ ಅಡ್ಡಹೆಸರು; ಮುಂದಿನವು ಉತ್ತರಿಸಿದವರದ್ದು)

ಬೆಂಗಳೂರು ಹೊರವರ್ತುಲ ರಸ್ತೆ ಬದಿಯ ಕಟ್ಟಡ. ನೆಲಮಹಡಿ, ಅದರ ಮೇಲೆ 10 ಮಹಡಿ, ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್. ಐದು ಕಂಪನಿಗಳು ಬಾಡಿಗೆಗಿವೆ, ಒಟ್ಟು 2200 ಸೀಟು. ಎರಡು ಕಂಪನಿಗಳಿಗೆ ರಾತ್ರಿ ಪಾಳಿಯೂ ಇದೆ. ಲಾಬಿ 28 ಮೀ ಉದ್ದ, 15 ಮೀ ಅಗಲ, 7.5 ಮೀ ಎತ್ತರ. ನೆಲಕ್ಕೆ ಪಾಲಿಶ್ ಗ್ರಾನೈಟ್, ಎರಡು ಕಡೆ ಗಾಜು, ಮೇಲೆ ಜಿಪ್ಸಮ್ ಸೀಲಿಂಗ್.

ಬಾಡಿಗೆ ಕರಾರು ನವೀಕರಣಕ್ಕೆ ಬರುವ ಮೊದಲು ಲಾಬಿ ‘ಫೈವ್ ಸ್ಟಾರ್ ಹೋಟೆಲ್ ಥರ’ ಆಗಬೇಕು ಅನ್ನುವುದು ಮಾಲೀಕರ ಆಸೆ. ಡಿಸೈನರ್ ಕೊಟ್ಟ ಪ್ರಸ್ತಾವದಲ್ಲಿ ಇರುವುದು: ಇಟಾಲಿಯನ್ ಮಾರ್ಬಲ್ ನೆಲ, 6 ಮೀ ಉದ್ದದ ರಿಸೆಪ್ಷನ್ ಕೌಂಟರ್, ತಗ್ಗು ಸೋಫಾಗಳು, ನಟ್ಟನಡುವೆ ಕಾಫಿ ಬಾರ್, ಎಸಿ ಡಕ್ಟ್ ಮೂಲಕ ಸುಗಂಧ.

ಈಗಿನ ತೊಂದರೆಗಳು ಬೇರೆಯೇ ಇವೆ. ಬೆಳಿಗ್ಗೆ 9:15ರಿಂದ 9:45ರ ಒಳಗೆ ಸುಮಾರು 90 ಸಂದರ್ಶಕರು ಬರುತ್ತಾರೆ, ಸಾಲು ಬಾಗಿಲಾಚೆ ಹೋಗುತ್ತದೆ. ಎದುರಿಗೆ ನಿಂತವರ ಮಾತೂ ಕೇಳಿಸದ ಹಾಗೆ ಎಲ್ಲ ಗೊಂಯ್‌ಗುಟ್ಟುತ್ತದೆ. ಇರುವ ಸೋಫಾದಲ್ಲಿ ಯಾರೂ ಕೂರುವುದಿಲ್ಲ. ಪಟ್ಟಿಯಲ್ಲಿರುವ ಎಲ್ಲದಕ್ಕೂ ಹಣ ಸಾಲದು. ಯಾವುದು ಮೊದಲು, ಯಾವುದನ್ನು ಬಿಡಬಹುದು?

ಕಂಬಸಾಲು

ಪಟ್ಟಿಯಿಂದ ಮಾರ್ಬಲ್ ಮೊದಲು ಹೊಡೆದುಹಾಕಿ. ಅದು ಸುಣ್ಣದ ಅಂಶದ ಕಲ್ಲು; ನಿಂಬೆರಸ, ಕಾಫಿ, ಬಾತ್‌ರೂಮಿನ ಆಸಿಡ್ ಕ್ಲೀನರ್ ಯಾವುದು ಬಿದ್ದರೂ ಹೊಳಪು ತಿಂದು ಮಂಕು ಕಲೆ ಬಿಡುತ್ತದೆ. ಎರಡು ಸಾವಿರ ಜನರ ಚಪ್ಪಲಿ, ಶೂಗಳ ಮರಳಿಗೆ ಬಾಗಿಲಿನಿಂದ ಲಿಫ್ಟಿನವರೆಗೆ ಕಾಲುದಾರಿಯ ಗುರುತೇ ಬೀಳುತ್ತದೆ. ಆಮೇಲೆ ಪ್ರತಿ ವರ್ಷ ಪಾಲಿಶ್ ಕಾಂಟ್ರಾಕ್ಟ್. ಈಗಿರುವ ಗ್ರಾನೈಟ್ ಅದಕ್ಕಿಂತ ಎಷ್ಟೋ ಗಟ್ಟಿ, ಅದನ್ನೇ ಉಳಿಸಿಕೊಳ್ಳಿ. ಬಾಗಿಲಿನಿಂದ ಮೊದಲ 6 ಮೀಟರ್ ಭಾಗವನ್ನಷ್ಟೇ ಲೆದರ್ ಫಿನಿಶ್‌ಗೆ (ಹೊಳಪಿಲ್ಲದ ತರಿತರಿ ಮೇಲ್ಮೈಗೆ) ತಿರುಗಿಸಿ. ಕಲ್ಲು ಕೀಳದೆ ಬ್ರಷ್ ಮೆಷಿನ್‌ನಲ್ಲಿ ಅಲ್ಲೇ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ನೆಲ ಒದ್ದೆ ಮಾಡಿ ಪೆಂಡುಲಮ್ ಪರೀಕ್ಷೆ (ನೆಲ ಎಷ್ಟು ಜಾರುತ್ತದೆ ಎಂದು ಅಳೆಯುವುದು) ಮಾಡಿಸಿ, 36 ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಇದನ್ನು ಕೆಲಸದ ಆರ್ಡರ್‌ನಲ್ಲೇ ಬರೆಸಿ.

ಉಳಿದ ದುಡ್ಡಿನ ದೊಡ್ಡ ಪಾಲು ಸದ್ದಿಗೆ ಹೋಗಲಿ. ಹೋಟೆಲ್ ಲಾಬಿಯಲ್ಲಿ ಕೂತಾಗ ಆಗುವ ಹಿತದಲ್ಲಿ ಅರ್ಧ ಭಾಗ ಕಿವಿಯದ್ದು. ಡ್ರಾಯಿಂಗ್‌ನಲ್ಲಿ ಕಾಣುವುದಿಲ್ಲವಾದ್ದರಿಂದ ಪ್ರಸ್ತಾವದಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ನಿಮ್ಮ ಅಳತೆಗೆ ಲೆಕ್ಕ ಹಾಕಿದರೆ: ಘನ ಅಳತೆ 3150 ಘನ ಮೀ. ನೆಲ 420, ಸೀಲಿಂಗ್ 420, ಗೋಡೆ ಮತ್ತು ಗಾಜು 645, ಒಟ್ಟು ಮೇಲ್ಮೈ ಸುಮಾರು 1485 ಚ.ಮೀ. ಎಲ್ಲ ಗಟ್ಟಿ ಸಾಮಗ್ರಿ, ಸದ್ದಿನ ಸರಾಸರಿ ಹೀರುವಿಕೆ 0.08 (ಬಿದ್ದ ಸದ್ದಿನಲ್ಲಿ 8%) ಎಂದಿಟ್ಟುಕೊಂಡರೆ ಒಟ್ಟು ಹೀರುವಿಕೆ 119. ಮಾರ್ದನಿ ಅಡಗಲು ಬೇಕಾದ ಸಮಯ ಅಳೆಯುವ ಸೇಬೈನ್ ಸೂತ್ರದ ಪ್ರಕಾರ 0.161ನ್ನು 3150ರಿಂದ ಗುಣಿಸಿ 119ರಿಂದ ಭಾಗಿಸಿ: 4.3 ಸೆಕೆಂಡ್ ಮಾರ್ದನಿ. ಬಾವಿಯೊಳಗೆ ಬಗ್ಗಿ ಮಾತಾಡಿದ ಹಾಗೆ. ಇದನ್ನು 1.5 ಸೆಕೆಂಡಿಗೆ ಇಳಿಸಲು 338 ಬೇಕು, ಅಂದರೆ ಇನ್ನೂ 220ರಷ್ಟು ಕೊರತೆ. ಎನ್‌ಆರ್‌ಸಿ (ಸದ್ದು ಹೀರುವ ಅಳತೆ) 0.85 ಇರುವ ಪ್ಯಾನೆಲ್ ಹಾಕಿದರೆ ಸುಮಾರು 280 ಚ.ಮೀ, ಅಂದರೆ ಸೀಲಿಂಗ್‌ನ ಮೂರರಲ್ಲಿ ಎರಡು ಪಾಲು. ಸೀಲಿಂಗ್‌ನಿಂದ ನೇತಾಡುವ ಬ್ಯಾಫಲ್ (ಸದ್ದು ಹೀರುವ ಹಲಗೆ) ಆದರೆ ಎರಡೂ ಮುಖ ಕೆಲಸ ಮಾಡುವುದರಿಂದ ಕಡಿಮೆ ಸಾಕು. ಆದರೆ ಸ್ಪ್ರಿಂಕ್ಲರ್ ತಲೆಗಳಿಗೆ ಅಡ್ಡ ಬರದಂತೆ ಬ್ಯಾಫಲ್ ಅಂತರ ಮೊದಲೇ ಹೊಂದಿಸಬೇಕು. ಇಲ್ಲದಿದ್ದರೆ ಅಗ್ನಿ ತಪಾಸಣೆಯಲ್ಲಿ ಬಿಚ್ಚಿಸುತ್ತಾರೆ.

ನಾಲ್ಕು ಕಡೆ ನಾಲ್ಕು ಅಲಂಕಾರಿಕ ಪ್ಯಾನೆಲ್ ಅಂಟಿಸಿ ‘ಅಕೌಸ್ಟಿಕ್ ಟ್ರೀಟ್‌ಮೆಂಟ್ ಆಯಿತು’ ಅನ್ನುವವರಿದ್ದಾರೆ. 20 ಚ.ಮೀ ಪ್ಯಾನೆಲ್‌ಗೆ ಮಾರ್ದನಿ 4.3ರಿಂದ 3.8ಕ್ಕೆ ಬರುತ್ತದೆ, ಕಿವಿಗೆ ಅಷ್ಟೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸೋಫಾ ಖಾಲಿ ಇರುವುದಕ್ಕೆ ಕಾರಣ ಸಾಮಾನ್ಯವಾಗಿ ಮೂರು. ಸೀಟಿನ ಎತ್ತರ 380 ಮಿಮೀ ಇದ್ದರೆ ಸೀರೆ ಉಟ್ಟವರು, ಮಂಡಿ ನೋವಿನವರು, ಮಡಿಲಲ್ಲಿ ಬ್ಯಾಗ್ ಇಟ್ಟುಕೊಂಡವರು ಏಳಲು ಒದ್ದಾಡಬೇಕು. 430ರಿಂದ 460 ಇರಲಿ, ಆಳ 500 ದಾಟದಿರಲಿ, ಅರ್ಧದಷ್ಟು ಸೀಟುಗಳಿಗಾದರೂ ಕೈತಾಂಗು ಇರಲಿ. ಎರಡನೆಯದು, ಬಾಗಿಲಿಗೆ ಬೆನ್ನು ಹಾಕಿ ಕೂರಬೇಕಾದ ಜೋಡಣೆ. ಕರೆಯಲು ಬರುವವರು ಕಾಣದಿದ್ದರೆ ಜನ ನಿಂತೇ ಕಾಯುತ್ತಾರೆ. ಮೂರನೆಯದು ಟೀಪಾಯಿ. 450 ಮಿಮೀ ಟೀಪಾಯಿ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಬೆನ್ನು ಮುರಿಯುತ್ತದೆ. 2009ರಲ್ಲಿ ನ್ಯೂಯಾರ್ಕಿನ ಏಸ್ ಹೋಟೆಲ್ ಲಾಬಿ ಹೆಸರು ಮಾಡಿದ್ದು ಉದ್ದನೆಯ ಹಂಚಿಕೆಯ ಮೇಜಿನಿಂದ. ಮಗ್ಗುಲಲ್ಲೇ ರಸ್ತೆಗೂ ತೆರೆದುಕೊಳ್ಳುವ ಕಾಫಿ ಅಂಗಡಿ ಇತ್ತು, ಯಾರು ಬೇಕಾದರೂ ಲ್ಯಾಪ್‌ಟಾಪ್ ತೆರೆದು ಕೂರಬಹುದಿತ್ತು. ನಿಮ್ಮಲ್ಲೂ ಎರಡು ಸೋಫಾ ಗುಂಪು ಕಡಿಮೆ ಮಾಡಿ, 740 ಮಿಮೀ ಎತ್ತರದ, 4 ಮೀ ಉದ್ದದ ಒಂದು ಮೇಜು ಹಾಕಿ. ಎರಡು ಸೀಟಿಗೊಂದು ಪ್ಲಗ್ ಮೇಜಿನ ಮೇಲೇ ಕೊಡಿ. ನೆಲದ ಬಾಕ್ಸ್ ಬೇಡ, ಒರೆಸುವ ನೀರು ಒಳಗಿಳಿದು ಟ್ರಿಪ್ ಆಗುತ್ತಿರುತ್ತದೆ.

ಬಟ್ಟೆ ಆರಿಸುವಾಗ ಮಾರ್ಟಿಂಡೇಲ್ (ಬಟ್ಟೆ ಸವೆಯುವ ಪರೀಕ್ಷೆ) 40,000 ಉಜ್ಜಿಗಿಂತ ಕಡಿಮೆ ಬೇಡ, ಫೋಮ್ ಸಾಂದ್ರತೆ ಘನ ಮೀಟರಿಗೆ 40 ಕಿಲೋಗಿಂತ ಕಡಿಮೆ ಬೇಡ, ಬಿಳಿ ಬಣ್ಣ ಬೇಡವೇ ಬೇಡ.

ಡಕ್ಟ್‌ಮೇಸ್ತ್ರಿ

ಕಾಫಿ ಬಾರ್ ಬಗ್ಗೆ ಯಾರೂ ಕೇಳದ ಪ್ರಶ್ನೆ: ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಅಲ್ಲಿಂದ ಹತ್ತಿರದ ಒಳಚರಂಡಿ ಶಾಫ್ಟ್ (ಪೈಪುಗಳು ಕೆಳಗಿಳಿಯುವ ಗೂಡು) ಎಷ್ಟು ದೂರ, ಸ್ಲ್ಯಾಬ್ ಯಾವ ಬಗೆಯದು ಹೇಳಿ. ಮಿಕ್ಕಿದ್ದು ಆಮೇಲೆ.

ನೆಲಮಹಡಿ

ಶಾಫ್ಟ್ ಸುಮಾರು 14 ಮೀ ದೂರ. ಪೋಸ್ಟ್ ಟೆನ್ಷನ್ ಸ್ಲ್ಯಾಬ್. ಕೆಳಗೆ ಮೊದಲ ಬೇಸ್‌ಮೆಂಟ್‌ನ ಡ್ರೈವ್‌ವೇ, ಪಕ್ಕದಲ್ಲೇ ಎಲೆಕ್ಟ್ರಿಕಲ್ ಪ್ಯಾನೆಲ್ ರೂಮ್.

ಡಕ್ಟ್‌ಮೇಸ್ತ್ರಿ

ಹಾಗಾದರೆ ನಡುವಿನಲ್ಲಿ ಬೇಡ. ಪೈಪು ಸ್ಲ್ಯಾಬ್ ಕೆಳಗೆ ನೇತಾಡಿಕೊಂಡೇ ಹೋಗಬೇಕು. 80ಕ್ಕೆ 1 ಇಳಿಜಾರು ಕೊಟ್ಟರೆ 14 ಮೀಟರಿಗೆ 175 ಮಿಮೀ ಇಳಿಯುತ್ತದೆ; ಪೈಪು, ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ಬಾಗು), ಹ್ಯಾಂಗರ್ ಸೇರಿ ಡ್ರೈವ್‌ವೇ ಮೇಲೆ 400 ಮಿಮೀ ಹತ್ತಿರ ತಿಂದುಹಾಕುತ್ತದೆ. ಎತ್ತರದ ಡೆಲಿವರಿ ವ್ಯಾನ್ ಒಂದು ದಿನ ಅದನ್ನು ಕಿತ್ತುಕೊಂಡೇ ಹೋಗುತ್ತದೆ. ಪ್ಯಾನೆಲ್ ರೂಮ್ ಮೇಲಂತೂ ಯಾವ ನೀರಿನ ಪೈಪೂ ಹಾಯಬಾರದು. ಇಳಿಜಾರು ಕಡಿಮೆ ಮಾಡಿದರೆ ಕಾಫಿ ಚರಟ ಮತ್ತು ಹಾಲಿನ ಜಿಡ್ಡು ಪೈಪಿನಲ್ಲೇ ಕೂತು ಕಟ್ಟಿಕೊಳ್ಳುತ್ತದೆ. ಪಂಪ್ ಇಟ್ಟು ಮೇಲೆತ್ತಿ ಕಳಿಸುವವರಿದ್ದಾರೆ. ಪುಟ್ಟ ಪಂಪಿಗೂ ಚರಟಕ್ಕೂ ಆಗಿಬರುವುದಿಲ್ಲ, ಬೇಡ.

ಪೋಸ್ಟ್ ಟೆನ್ಷನ್ ಸ್ಲ್ಯಾಬ್‌ನಲ್ಲಿ 110 ಮಿಮೀ ಕೋರ್ (ಪೈಪಿಗಾಗಿ ತೂತು) ಕೊರೆಯುವುದು ಹುಡುಗಾಟವಲ್ಲ. ಒಳಗೆ ಬಿಗಿದೆಳೆದ ಉಕ್ಕಿನ ಕೇಬಲ್‌ಗಳಿರುತ್ತವೆ. ಒಂದು ಕತ್ತರಿಸಿದರೆ ಕೊರೆಯುವವನ ಜೀವಕ್ಕೂ ಅಪಾಯ, ಸ್ಲ್ಯಾಬ್‌ಗೂ ಅಪಾಯ. ಕಟ್ಟಡದ ಕೇಬಲ್ ಡ್ರಾಯಿಂಗ್ ತೆಗೆಸಿ, ರೇಡಾರ್ ಸ್ಕ್ಯಾನ್ ಮಾಡಿಸಿ, ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಆದ ಮೇಲೆ ಮಾತ್ರ ಡ್ರಿಲ್ ಹಚ್ಚಿ.

ಬಾರ್ ಅನ್ನು ಶಾಫ್ಟಿಗೆ ಅಂಟಿದ ಗೋಡೆಗೆ ತಳ್ಳಿ, 3 ಮೀ ಒಳಗೆ. ಹಿಂಗೋಡೆಯ ಮೂಲಕವೇ ಪೈಪು ಹೋದರೆ ಕೋರ್ ಕೊರೆಯುವ ಪ್ರಮೇಯವೇ ಬಾರದಿರಬಹುದು.

ವಿದ್ಯುತ್ತು: ಎರಡು ಗ್ರೂಪಿನ (ಕಾಫಿ ಇಳಿಸುವ ಎರಡು ಬಾಯಿಯ) ಎಸ್ಪ್ರೆಸೊ ಮೆಷಿನ್ 3.5ರಿಂದ 4.5 ಕಿಲೋವ್ಯಾಟ್, ಕೌಂಟರ್ ಕೆಳಗಿನ ಡಿಶ್‌ವಾಶರ್ 3ರಿಂದ 6, ಹಾಲು ಕಾಯಿಸುವ ಯೂನಿಟ್ 2, ಗ್ರೈಂಡರ್, ಫ್ರಿಜ್ ಸೇರಿ ಇನ್ನೊಂದು. ಪ್ರತ್ಯೇಕ 32 ಆಂಪ್ ಮೂರು ಫೇಸ್ ಬೋರ್ಡ್ ಕೊಡಿ, ಸೋರಿಕೆ ತಡೆಗೆ ಆರ್‌ಸಿಬಿಒ ಇರಲಿ. 16 ಆಂಪ್ ಸಾಕೆಟ್‌ನಿಂದ ಎಕ್ಸ್‌ಟೆನ್ಷನ್ ಎಳೆದರೆ ಮೆಷಿನ್ ಮತ್ತು ಡಿಶ್‌ವಾಶರ್ ಒಟ್ಟಿಗೆ ಕಾದ ಮರುಕ್ಷಣ ಬೆಳಗಿನ ಸಾಲಿನ ಮುಂದೆಯೇ ಟ್ರಿಪ್.

ನೀರು: ಕಾವೇರಿ ನೀರು ಮೆದು, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಗಡುಸು. ಈ ಭಾಗದ ಕಟ್ಟಡಗಳಲ್ಲಿ ಎರಡೂ ಒಂದೇ ಸಂಪಿಗೆ ಬೀಳುವುದರಿಂದ ವಾರದಿಂದ ವಾರಕ್ಕೆ ಗುಣ ಬದಲಾಗುತ್ತದೆ. ಗಡುಸು ನೀರು ಬಾಯ್ಲರ್‌ನಲ್ಲಿ ಸುಣ್ಣ ಕಟ್ಟಿಸುತ್ತದೆ. ಅದಕ್ಕೆ ಹೆದರಿ ಆರ್‌ಒ ನೀರನ್ನು ನೇರ ಕೊಟ್ಟರೆ ಇನ್ನೊಂದು ಬಗೆಯ ತೊಂದರೆ: ಬಾಯ್ಲರ್‌ನಲ್ಲಿ ನೀರಿನ ಮಟ್ಟ ತಿಳಿಯುವ ಕಡ್ಡಿ ನೀರಿನ ವಿದ್ಯುತ್ ವಾಹಕತೆಯನ್ನು ನಂಬಿ ಕೆಲಸ ಮಾಡುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) 20, 30ಕ್ಕೆ ಇಳಿದರೆ ಕಡ್ಡಿಗೆ ನೀರು ‘ಕಾಣುವುದಿಲ್ಲ’. ಪಂಪ್ ತುಂಬುತ್ತಲೇ ಇರುತ್ತದೆ, ಉಗಿ ಕೊಳವೆಯಿಂದ ಬಿಸಿನೀರು ಉಗುಳುತ್ತದೆ. ಕಾಫಿಯೂ ಸಪ್ಪೆ. ಸಾಫ್ಟ್ನರ್ (ಗಡುಸು ತೆಗೆಯುವ ಯಂತ್ರ) ದಾಟಿಸಿದ ನೀರನ್ನು ಬ್ಲೆಂಡಿಂಗ್ ವಾಲ್ವ್ ಮೂಲಕ ಆರ್‌ಒ ನೀರಿಗೆ ಬೆರೆಸಿ ಟಿಡಿಎಸ್ 75ರಿಂದ 150ರ ನಡುವೆ ನಿಲ್ಲಿಸಿ. ಕೈ ಮೀಟರ್‌ನಲ್ಲಿ ದಿನಾ ಒಮ್ಮೆ ನೋಡಿ ಬರೆದಿಡಲಿ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ: ಎಸ್ಪ್ರೆಸೊ ಒಂದು ಗ್ರೂಪ್ ಸಾಕು, ಪಕ್ಕದಲ್ಲಿ ಫಿಲ್ಟರ್ ಕಾಫಿ ಇಡಿ. ಬೆಳಗಿನ ಸಾಲಿನಲ್ಲಿ ಕ್ಯಾಪುಚಿನೊಗೆ ಒಂದೂವರೆ ನಿಮಿಷ ಬೇಕು. ಡಿಕಾಕ್ಷನ್ ಸಿದ್ಧವಿದ್ದರೆ ಫಿಲ್ಟರ್ ಕಾಫಿ 20 ಸೆಕೆಂಡಿನ ಕೆಲಸ. ದಿನಕ್ಕೆ 300 ಲೋಟ ಎಂದಿಟ್ಟುಕೊಳ್ಳಿ. ಲೋಟಕ್ಕೆ 30 ಮಿಲೀ ಡಿಕಾಕ್ಷನ್, 90 ಮಿಲೀ ಹಾಲು. 9 ಲೀಟರ್ ಡಿಕಾಕ್ಷನ್‌ಗೆ 1.8 ಕಿಲೋ ಪುಡಿ, 27 ಲೀಟರ್ ಹಾಲು. ಡಿಕಾಕ್ಷನ್ ಒಂದೇ ಸಲ ಇಳಿಸಬೇಡಿ, ಎರಡು ಗಂಟೆಗೊಮ್ಮೆ ಹೊಸದು. ಹಳೆಯದನ್ನು ಮತ್ತೆ ಕಾಯಿಸಿದರೆ ಕಹಿ ಎದ್ದು ಬರುತ್ತದೆ. ಅಷ್ಟು ಹಾಲಿಗೆ ಕೌಂಟರ್ ಕೆಳಗೆ ಜಾಗ ಇದೆಯೇ ಎಂದು ಡ್ರಾಯಿಂಗ್‌ನಲ್ಲಿ ನೋಡಿ. ನೂರಕ್ಕೆ ತೊಂಬತ್ತು ಡ್ರಾಯಿಂಗ್‌ಗಳಲ್ಲಿ ಇರುವುದಿಲ್ಲ. ಸ್ಟೀಲ್ ಲೋಟ ತೊಳೆಯಲು ಎರಡು ಗುಂಡಿಯ ಸಿಂಕ್ ಬೇಕು, ಕಣ್ಣಿಗೆ ಬೀಳದ ಕಡೆ. ನಡೆಸುವವರ ಹೆಸರಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಇಲ್ಲದೆ ಶುರು ಮಾಡಬೇಡಿ.

ಪಹರೆ24

ಮೇಲಿನ ಇಬ್ಬರೂ ಸಾಮಾನಿನ ಬಗ್ಗೆ ಬರೆದಿದ್ದಾರೆ. 90 ಜನರ ಸಾಲು ಯಾವ ಸಾಮಾನಿನಿಂದಲೂ ಕರಗುವುದಿಲ್ಲ.

ಹೆಸರು, ಫೋನ್, ಯಾರನ್ನು ನೋಡಬೇಕು, ಫೋಟೋ, ಮೇಲಿನ ಮಹಡಿಗೆ ಕರೆ, ಪಾಸ್ ಪ್ರಿಂಟ್: ಒಬ್ಬರಿಗೆ ಎರಡೂವರೆ ನಿಮಿಷ. ಅರ್ಧ ಗಂಟೆಯಲ್ಲಿ ಒಂದು ಡೆಸ್ಕ್ 12 ಜನರನ್ನು ಮುಗಿಸುತ್ತದೆ. 90 ಜನರಿಗೆ 8 ಡೆಸ್ಕ್. 6 ಮೀ ಕೌಂಟರ್‌ನಲ್ಲಿ ನಾಲ್ಕು ಜನ ಕೂರಬಹುದು, ಅಷ್ಟೇ. ಬದಲಿಗೆ ಆಹ್ವಾನಿಸುವ ಕಂಪನಿಯೇ ಹಿಂದಿನ ದಿನ ಕ್ಯೂಆರ್ ಕಳಿಸಿದರೆ ಬಂದವರಿಗೆ ತಗಲುವುದು 30 ಸೆಕೆಂಡ್. ಆಗ ಎರಡು ಡೆಸ್ಕ್ ಸಾಕು, ಮೂರನೆಯದು ಕ್ಯೂಆರ್ ಇಲ್ಲದೆ ಬಂದವರಿಗೆ. ಈ ಮೂರನೆಯ ಸಾಲನ್ನು ಬೇರೆಯೇ ಇಡಬೇಕು. ಒಂದೇ ಸಾಲಿಗೆ ಸೇರಿಸಿದರೆ ಫೋನ್ ಎತ್ತದ ಒಬ್ಬ ಮ್ಯಾನೇಜರ್‌ಗಾಗಿ ಹತ್ತು ಜನ ಕಾಯುತ್ತಾರೆ. ಐದು ಕಂಪನಿಗಳಿಗೆ ಐದು ಬೇರೆ ಬೇರೆ ಆ್ಯಪ್ ಇದ್ದರೆ ಇದು ಕೈಗೂಡುವುದಿಲ್ಲ. ಕಟ್ಟಡಕ್ಕೆ ಒಂದೇ ವ್ಯವಸ್ಥೆ ಎಂದು ಕರಾರಿನಲ್ಲೇ ಬರೆಸಲು ನಿಮಗೆ ನವೀಕರಣವೇ ಸರಿಯಾದ ಸಮಯ.

ಆಧಾರ್ ಕಾರ್ಡ್ ಫೋಟೋ ತೆಗೆಯುವ ಅಭ್ಯಾಸ ಇದ್ದರೆ ನಿಲ್ಲಿಸಿ. ವೈಯಕ್ತಿಕ ದತ್ತಾಂಶದ 2023ರ ಕಾಯ್ದೆ ಪ್ರಕಾರ ಏನು, ಯಾಕೆ ತೆಗೆದುಕೊಳ್ಳುತ್ತೀರಿ ಎಂಬ ನೋಟಿಸ್ ಕೊಡಬೇಕು. ಅದನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಇರಬೇಕು. ಟ್ಯಾಬ್‌ನಲ್ಲಿ ಕನ್ನಡ ಆಯ್ಕೆ ಇಲ್ಲದ ಸಾಫ್ಟ್‌ವೇರ್ ಕೊಳ್ಳಬೇಡಿ.

ಇನ್ನು ಅತಿಥಿ ಅಂದರೆ ಸೂಟು ಹಾಕಿದವರು ಮಾತ್ರವೇ? ದಿನವಿಡೀ ಬರುವವರಲ್ಲಿ ಊಟ ತರುವ ಡೆಲಿವರಿ ಹುಡುಗರು, ಕ್ಯಾಬ್ ಚಾಲಕರು, ಎಸಿ ರಿಪೇರಿಯವರು ಎಷ್ಟೋ ಜನ. ಅವರನ್ನು ಹಿಂಬಾಗಿಲಿಗೆ ಅಟ್ಟಿ, ಬಿಸಿಲಲ್ಲಿ ನಿಲ್ಲಿಸಿ, ಮುಂದೆ ಸುಗಂಧ ಬಿಟ್ಟರೆ ಅದಕ್ಕೆ ಆತಿಥ್ಯ ಅನ್ನಲಾಗದು. ಗೇಟ್ ಪಕ್ಕ ಮಾಡಿನ ಕೆಳಗೆ ಎಂಟು ಜನ ಕೂರುವ ಬೆಂಚು, ಕುಡಿಯುವ ನೀರು, ಒಂದು ಶೌಚಾಲಯ, ಮಹಡಿವಾರು ಗುರುತಿನ ಊಟದ ರ‍್ಯಾಕ್. ಮಧ್ಯಾಹ್ನ ಒಂದು ಗಂಟೆಗೆ ಲಾಬಿಯ ಅರ್ಧ ಗದ್ದಲ ಇದರಿಂದಲೇ ಇಳಿಯುತ್ತದೆ.

ರಾತ್ರಿ ಪಾಳಿ ಇದೆ ಎಂದಿರಿ. ರಾತ್ರಿ ಎರಡಕ್ಕೆ ಕ್ಯಾಬ್ ಕಾಯುವವರು ಗಾಜಿನೊಳಗಿನಿಂದಲೇ ಗಾಡಿ ನಂಬರ್ ಓದುವಂತಿರಬೇಕು. ಪರದೆಯ ಮೇಲೆ ಪಟ್ಟಿ ಬರಲಿ, ಇಳಿಯುವ ಜಾಗಕ್ಕೆ ಬೆಳಕು ಇರಲಿ. ಕಾಫಿ ಬಾರ್ ಮುಚ್ಚಿದ ಮೇಲೆ ಒಂದು ವೆಂಡಿಂಗ್ ಮೆಷಿನ್ ಉಳಿಯಲಿ. ಡಿಸೈನರ್ ತೆಗೆಯುವ ಫೋಟೋ ಯಾವಾಗಲೂ ಬೆಳಿಗ್ಗೆ ಹನ್ನೊಂದರದ್ದು.

ಮಳೆಗಾಲಕ್ಕೆ: ಬಾಗಿಲಾಚೆ 2 ಮೀ ಕೆರೆಯುವ ಮ್ಯಾಟ್, ಒಳಗೆ ಗುಂಡಿಯಲ್ಲಿ ಕೂರಿಸಿದ 2 ಮೀ, ಆಮೇಲೆ ಹೀರುವ 2 ಮೀ. ಒಟ್ಟು 6 ಮೀ ಇಲ್ಲದಿದ್ದರೆ ನೀರು ಲಿಫ್ಟಿನವರೆಗೂ ನಡೆದುಕೊಂಡು ಬರುತ್ತದೆ. ಹೀರುವ ಮ್ಯಾಟ್ ಎರಡು ಸೆಟ್ ಇರಲಿ, ಒಂದು ಒಣಗುವಾಗ ಇನ್ನೊಂದು.

ಮೆಟ್ಟಿಲು

ಚುಟುಕಾಗಿ ಬೆಂಕಿ ಮತ್ತು ಪ್ರವೇಶದ ಬಗ್ಗೆ, ಯಾಕೆಂದರೆ ಇಡೀ ಯೋಜನೆ ಸಿಕ್ಕಿಬೀಳುವುದು ಇಲ್ಲೇ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಕಚೇರಿ ಬಳಕೆಗೆ ತಲೆಗೆ 10 ಚ.ಮೀ, ಊಟ-ತಿಂಡಿಯ ಜಾಗಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ. 420 ಚ.ಮೀ ಲಾಬಿ ಕಾಗದದ ಮೇಲೆ 42 ಜನರದ್ದಾಗಿದ್ದದ್ದು, ಎಲ್ಲವನ್ನೂ ಕೆಫೆ ಎಂದು ತೋರಿಸಿದರೆ ಇನ್ನೂರಕ್ಕೂ ಹೆಚ್ಚು ಜನರದ್ದಾಗುತ್ತದೆ. ಸಮತಲ ದಾರಿಗೆ ತಲೆಗೆ 6.5 ಮಿಮೀ ಲೆಕ್ಕದಲ್ಲಿ ಅವರಿಗೇ ಒಂದೂವರೆ ಮೀಟರ್ ಅಥವಾ ಅದಕ್ಕೂ ಹೆಚ್ಚು ಬಾಗಿಲಿನ ಅಗಲ ಬೇಕು, ಮೇಲಿನ ಮಹಡಿಗಳಿಂದ ಲಾಬಿಗೆ ಇಳಿದು ಬರುವವರ ಪಾಲು ಬೇರೆ. ಹಾಗಾಗಿ ಕೆಫೆ ಭಾಗವನ್ನು ಡ್ರಾಯಿಂಗ್‌ನಲ್ಲಿ ಗೆರೆ ಹಾಕಿ ಬೇರ್ಪಡಿಸಿ. 60 ಚ.ಮೀ ಆದರೆ ನಿಭಾಯಿಸಬಹುದು. ಮೆಟ್ಟಿಲಿನ ಬಾಗಿಲಿನಿಂದ ಹೊರಬಾಗಿಲಿನವರೆಗಿನ ದಾರಿಯಲ್ಲಿ ಒಂದು ಕುಂಡವೂ ನಿಲ್ಲಬಾರದು. ಫ್ಲಾಪ್ ಗೇಟ್‌ಗಳು (ಪಾಸ್ ತೋರಿಸಿದರೆ ತೆರೆಯುವ ಒಳಗೇಟುಗಳು) ಫೈರ್ ಅಲಾರಂ ಬಂದಾಗಲೂ ಕರೆಂಟ್ ಹೋದಾಗಲೂ ತಾವಾಗಿ ತೆರೆದುಕೊಳ್ಳಬೇಕು. ಹಸ್ತಾಂತರದ ದಿನ ಇವೆರಡನ್ನೂ ಬೇರೆ ಬೇರೆಯಾಗಿ ಮಾಡಿ ನೋಡಿ. ಅಲಾರಂಗೆ ಮಾತ್ರ ವೈರ್ ಮಾಡಿ ಬಿಟ್ಟಿರುವುದು ಸಾಮಾನ್ಯ.

ಒಂದು ಗೇಟ್ 900 ಮಿಮೀ ಅಗಲ ಇರಲಿ. ಕೌಂಟರ್‌ನ ಒಂದು ಭಾಗ 750ರಿಂದ 800 ಮಿಮೀ ಎತ್ತರದಲ್ಲಿರಲಿ, ಗಾಲಿಕುರ್ಚಿಯ ಮಂಡಿ ಒಳಗೆ ಹೋಗುವಷ್ಟು ಕೆಳಗೆ ಖಾಲಿ ಬಿಡಿ. ಆ ಜಾಗದಲ್ಲಿ ಪ್ರಿಂಟರ್ ತುರುಕುವುದು ಇನ್ನೊಂದು ಸಾಮಾನ್ಯ ಕೆಲಸ.

ಫಲಕ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ 60% ಕನ್ನಡ, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್‌ಗೆಂದು ಮಾಡಿದ ಟೆಂಪ್ಲೇಟ್‌ನಲ್ಲೇ ಕನ್ನಡ ಕೂರಿಸಿದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ ಅಥವಾ ಕೆಳಗಿನ ಸಾಲಿಗೆ ತಾಗುತ್ತದೆ. ಸಾಲುಗಳ ನಡುವಿನ ಅಂತರ ಕನ್ನಡಕ್ಕೆ ತಕ್ಕಂತೆ ಮೊದಲು ನಿಗದಿಮಾಡಿ, ಆಮೇಲೆ ಫಲಕದ ಅಳತೆ.

ನೆಲಮಹಡಿ

ಮಾರ್ಬಲ್ ಕೈಬಿಟ್ಟು ಸೀಲಿಂಗ್‌ಗೆ ಹಣ ತಿರುಗಿಸಲು ಮಾಲೀಕರು ಒಪ್ಪಬಹುದು, ಲೆಕ್ಕ ತೋರಿಸಿದರೆ. ಆದರೆ ಸುಗಂಧ ಬೇಕೇ ಬೇಕು ಅನ್ನುತ್ತಾರೆ. ಈಗ ಬೆಳಿಗ್ಗೆ ಒಳಗೆ ಬಂದ ಕೂಡಲೇ ಒಂಥರಾ ಮುಗ್ಗಲು ವಾಸನೆ ಇರುವುದೂ ನಿಜ.

ಕಂಬಸಾಲು

ಹೋಟೆಲ್‌ಗಳಲ್ಲಿ ನಡೆಯುತ್ತದೆ, ಇಲ್ಲೂ ಹಗುರವಾಗಿ ಇಟ್ಟರೆ ಏನೂ ಆಗದು ಅಂತ ನನಗನ್ನಿಸುತ್ತದೆ. ಲಾಬಿಯ ಎಸಿ ಯೂನಿಟ್‌ಗೆ ಮಾತ್ರ, ಮೇಲಿನ ಮಹಡಿಗಳಿಗೆ ಬೇಡ.

ಡಕ್ಟ್‌ಮೇಸ್ತ್ರಿ

ನಾನು ಒಪ್ಪುವುದಿಲ್ಲ. ಹೋಟೆಲ್ ಅತಿಥಿ ಎರಡು ದಿನದಲ್ಲಿ ಹೊರಡುತ್ತಾನೆ. ರಿಸೆಪ್ಷನ್‌ನಲ್ಲಿ, ಗೇಟಿನಲ್ಲಿ ಇರುವವರು ಎಂಟು ಗಂಟೆ, ವರ್ಷಪೂರ್ತಿ ಅದನ್ನೇ ಉಸಿರಾಡಬೇಕು. ಆಸ್ತಮಾ, ಮೈಗ್ರೇನ್ ಇರುವವರು ಲಾಬಿಯನ್ನು ತಪ್ಪಿಸಿ ಬರಲಾಗುವುದಿಲ್ಲ.

ಮುಗ್ಗಲು ವಾಸನೆಯ ಮೂಲ ಹುಡುಕಿ. ಮೊದಲು ನೆಲದ ಟ್ರ್ಯಾಪ್‌ಗಳು: ಒಳಗೆ 50 ಮಿಮೀ ನೀರು ನಿಂತಿರಬೇಕು. ಬಳಸದ ಶೌಚಾಲಯ, ಸ್ಟೋರ್, ಎಸಿ ರೂಮುಗಳಲ್ಲಿ ಅದು ಆರಿಹೋಗಿ ಚರಂಡಿ ಗಾಳಿ ಮೇಲೆ ಬರುತ್ತದೆ. ಪ್ರತಿ ಸೋಮವಾರ ಪ್ರತಿ ಟ್ರ್ಯಾಪ್‌ಗೆ ಎರಡು ಲೀಟರ್ ನೀರು, ಪಟ್ಟಿ ಇಟ್ಟುಕೊಂಡು ಟಿಕ್ ಮಾಡಿಸಿ. ಎರಡನೆಯದು ಬೇಸ್‌ಮೆಂಟ್: ಲಾಬಿಯ ಗಾಳಿಯ ಒತ್ತಡ ಕಡಿಮೆ ಇದ್ದರೆ ಲಿಫ್ಟ್ ಶಾಫ್ಟ್ ಕಾರಿನ ಹೊಗೆಯನ್ನು ಮೇಲೆಳೆಯುತ್ತದೆ. ಬೇಸ್‌ಮೆಂಟ್ ಲಿಫ್ಟ್ ಬಾಗಿಲಿನ ಸಂದಿಗೆ ಟಿಶ್ಯೂ ಹಿಡಿದು ನೋಡಿ. ಒಳಕ್ಕೆ ಎಳೆದುಕೊಂಡರೆ ಇದೇ ಕಾರಣ. ಲಾಬಿಗೆ ತಾಜಾ ಗಾಳಿ ಹೆಚ್ಚಿಸಿ, ಬೇಸ್‌ಮೆಂಟ್‌ಗಿಂತ 5 ಪ್ಯಾಸ್ಕಲ್ ಮೇಲಿರುವಂತೆ ಹೊಂದಿಸಿ. ಮೂರನೆಯದು ಎಸಿ ಯೂನಿಟ್‌ನ ನೀರಿನ ಟ್ರೇ. ರಾತ್ರಿ ನಿಂತ ನೀರು ಕೊಳೆತಿದ್ದರೆ ಬೆಳಿಗ್ಗೆ ಫ್ಯಾನ್ ಶುರುವಾದ ಮೊದಲ ಹತ್ತು ನಿಮಿಷ ಆ ವಾಸನೆಯೇ. ‘ಬೆಳಿಗ್ಗೆ ಬಂದ ಕೂಡಲೇ’ ಅಂದಿರಲ್ಲ, ನನಗೆ ಹೆಚ್ಚಿನ ಅನುಮಾನ ಇದರ ಮೇಲೆ. ಟ್ರೇ ಇಳಿಜಾರು ಡ್ರೈನ್ ಕಡೆಗಿದೆಯೇ, ಡ್ರೈನ್‌ನ ಯು ಟ್ರ್ಯಾಪ್ ಫ್ಯಾನಿನ ಎಳೆತಕ್ಕೆ ಸಾಲುವಷ್ಟು ಆಳವಿದೆಯೇ ನೋಡಿಸಿ. ಆಳ ಸಾಲದಿದ್ದರೆ ಟ್ರೇ ಎಷ್ಟು ತೊಳೆದರೂ ನೀರು ಮತ್ತೆ ನಿಲ್ಲುತ್ತದೆ.

ಪಹರೆ24

ಟ್ರೇ ತೊಳೆಯುವ ಕೆಲಸ ಹೌಸ್‌ಕೀಪಿಂಗ್ ಕರಾರಿನಲ್ಲಿದೆಯೋ ಎಸಿ ನಿರ್ವಹಣೆಯ ಕರಾರಿನಲ್ಲಿದೆಯೋ ನೋಡಿ. ಎರಡರಲ್ಲೂ ಇರುವುದಿಲ್ಲ, ಬಹಳ ಕಡೆ. ಕಾಫಿ ಬಾರ್‌ನ ಗ್ರೀಸ್ ಟ್ರ್ಯಾಪ್, ಸಾಫ್ಟ್ನರ್‌ಗೆ ಉಪ್ಪು, ಹೀರುವ ಮ್ಯಾಟ್ ಬದಲಾವಣೆ, ಸೋಫಾ ಶಾಂಪೂ, ಇವೂ ಹಾಗೆಯೇ. ಯಾರ ಕೆಲಸ, ಎಷ್ಟು ದಿನಕ್ಕೊಮ್ಮೆ, ಖರ್ಚು ಸಾಮಾನ್ಯ ನಿರ್ವಹಣಾ ಶುಲ್ಕದಿಂದಲೋ ಕಾಫಿಯವರಿಂದಲೋ ಎಂದು ಟೆಂಡರ್‌ಗೆ ಮುಂಚೆ ಒಂದು ಹಾಳೆಯಲ್ಲಿ ಬರೆದು ಐದೂ ಕಂಪನಿಗಳಿಂದ ಸಹಿ ಹಾಕಿಸಿಕೊಳ್ಳಿ. ಸುಗಂಧದ ಸಾಲನ್ನೂ ಅದರಲ್ಲಿ ಸೇರಿಸಿ, ತಿಂಗಳ ಖರ್ಚು ಎದುರಿಗೇ ಬರೆದು. ಯಾವ ಕಂಪನಿ ಹಣ ಕೊಡಲು ಒಪ್ಪುತ್ತದೆ ನೋಡೋಣ.